ಆದವಾನಿ ಸೀಮೆಯ ಕನ್ನಡ ಶಾಲೆ ರಿಪೇರಿಗೆ ಹೊರಟ ವಿದ್ಯಾರ್ಥಿಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬಳ್ಳಾರಿ, ರಾಯಚೂರು, ಬೆಂಗಳೂರು ಕಡೆಯಿಂದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗಕ್ಕೆ, ಅಂದರೆ ಆದವಾನಿ, ಆಲೂರು, ಹಾಲಹರ್ವಿ, ಹೊಳಗುಂದ, ಕೌತಾಳಂ ಸುತ್ತಿನ ಹಳ್ಳಿಗಳಿಗೆ, ಶಾಲಾ ಕೊಠಡಿ ರಿಪೇರಿ ಮಾಡಲು ಹೋಗುವ ಎನ್ನೆಸ್ಸೆಸ್ ಶಿಬಿರದವರಿಗೂ ಕಾಲೇಜು ಬಳಗಗಳಿಗೂ ಈ ಸೂಚನೆ. ಪೂರ್ತಿ ಓದಿ. ಒಪ್ಪಿಗೆಯಾದರೆ ಹೊರಡಿ. ಆಗದಿದ್ದರೆ ಮಂತ್ರಾಲಯಕ್ಕೆ ಹೋಗಿ ರಾಯರ ದರ್ಶನ ಮಾಡಿಕೊಂಡು ಮನೆಗೆ ಹಿಂದಿರುಗಿ, ಯಾರಿಗೂ ನಷ್ಟವಿಲ್ಲ.

ಮೊದಲು ತಿಳಿದಿರಬೇಕಾದ್ದು

ಆದವಾನಿ, ಆಲೂರು, ರಾಯದುರ್ಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಅತ್ತ ಉಳಿದವು, ಮಿಕ್ಕ ಏಳು ಮೈಸೂರಿಗೆ ಸೇರಿದವು. ಹಾಗಾಗಿ ಅಲ್ಲಿಯ ಕನ್ನಡದವರು ಎಲ್ಲಿಂದಲೋ ವಲಸೆ ಬಂದವರಲ್ಲ. ಅವರ ಮಕ್ಕಳು ಓದುವ ಸರ್ಕಾರಿ ಕನ್ನಡ ಶಾಲೆಗಳನ್ನು ಈಗ ನಡೆಸುತ್ತಿರುವುದು ಆಂಧ್ರಪ್ರದೇಶ ಸರ್ಕಾರ. ಮೇಷ್ಟ್ರ ಸಂಬಳ, ಮಧ್ಯಾಹ್ನದ ಊಟ ಎಲ್ಲ ಅಲ್ಲಿಯದೇ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಶಾಲೆ ಅವರದು, ಹಕ್ಕೂ ಅವರದೇ. ನೀವು ಕೆಲಸದ ಆಳುಗಳಾಗಿ ಹೋಗುತ್ತೀರಿ. ಮುಂದಿನ ಸೂಚನೆಗಳೆಲ್ಲ ಇದರ ಮೇಲೆ ನಿಂತಿವೆ.

ಹೊರಡುವ ಮುನ್ನ

*ಮಾಡಬೇಕಾದ್ದು*

1. ಲಿಖಿತ ಅನುಮತಿ ಪಡೆಯಿರಿ. ನಮ್ಮ ಕಡೆ ಬಿಇಓ ಇದ್ದಂತೆ ಅಲ್ಲಿ ಮಂಡಲ ಶಿಕ್ಷಣಾಧಿಕಾರಿ, ಅಂದರೆ ಎಂಇಓ, ಇರುತ್ತಾರೆ. ಹೆಡ್‌ಮಾಸ್ಟರ ಪತ್ರ, ಎಂಇಓ ಒಪ್ಪಿಗೆ ಎರಡೂ ಕೈಯಲ್ಲಿರಲಿ. ಫೋನಿನಲ್ಲಿ "ಬನ್ನಿ ಸಾರ್" ಅಂದರು ಎಂಬುದು ಅನುಮತಿಯಲ್ಲ.

2. ಶಾಲಾ ನಿರ್ವಹಣಾ ಸಮಿತಿಯ ಮುಂದೆ ಕೂತು ಮಾತಾಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಂದಿರು, ಅರ್ಧದಷ್ಟು ಹೆಂಗಸರು. ಯಾವ ಕೆಲಸ ಮೊದಲಾಗಬೇಕೆಂದು ಅವರೇ ಹೇಳಲಿ. ನೀವು ಬಣ್ಣ ಅಂದುಕೊಂಡು ಹೋಗಿರುತ್ತೀರಿ, ಅವರು ಹುಡುಗಿಯರ ಶೌಚಾಲಯಕ್ಕೆ ನೀರು ಕೇಳುತ್ತಾರೆ. ಅವರು ಕೇಳಿದ್ದನ್ನೇ ಮಾಡಿ.

3. ಸರ್ಕಾರಿ ಯೋಜನೆಯ ಕೆಲಸ ಅಲ್ಲಿ ನಡೆದಿದೆಯೇ ವಿಚಾರಿಸಿ. 2019ರಲ್ಲಿ ಶುರುವಾದ 'ಮನ ಬಡಿ ನಾಡು-ನೇಡು' ಯೋಜನೆಯಲ್ಲಿ ಆಂಧ್ರದ ಸಾವಿರಾರು ಶಾಲೆಗಳಿಗೆ ಶೌಚಾಲಯ, ಕುಡಿಯುವ ನೀರು, ಫ್ಯಾನು, ಬೆಂಚು, ಬಣ್ಣ ಬಂದಿವೆ. ಆಗಿರುವ ಕೆಲಸವನ್ನು ಮತ್ತೆ ಮಾಡಬೇಡಿ. ಅರ್ಧಕ್ಕೆ ನಿಂತಿರುವ ಸರ್ಕಾರಿ ಕಟ್ಟಡವನ್ನು ಮುಟ್ಟಲೇಬೇಡಿ.

4. ಅಲ್ಲಿಯ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿ. ಆಂಧ್ರದ ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಜೂನ್ 12ಕ್ಕೆ. ನಮ್ಮ ಶಾಲೆಗಳು ಅದಕ್ಕೂ ಮುಂಚೆ ತೆರೆದಿರುತ್ತವೆ. ಬೇಸಿಗೆಯಲ್ಲಿ ಹೋದರೆ ಬೆಳಿಗ್ಗೆ 6ರಿಂದ 10, ಸಂಜೆ 4ರ ಮೇಲೆ ಮಾತ್ರ ಕೆಲಸ. ನಡುಹಗಲಿನ ಬಿಸಿಲು 40 ಡಿಗ್ರಿ ದಾಟುವ ಊರು ಅದು.

*ಮಾಡಬಾರದ್ದು*

5. ವಿಜಯದಶಮಿಯ ಆಸುಪಾಸಿನಲ್ಲಿ ಹೊಳಗುಂದ ಕಡೆ ಶಿಬಿರ ಇಟ್ಟುಕೊಳ್ಳಬೇಡಿ. ಆ ರಾತ್ರಿ ದೇವರಗಟ್ಟಿನಲ್ಲಿ ಮಾಳಮಲ್ಲೇಶ್ವರನ ಬನ್ನಿ ಉತ್ಸವ, ಬಡಿಗೆ ಕಾಳಗ. ಊರೂರೇ ಅಲ್ಲಿಗೆ ಹೊರಟಿರುತ್ತದೆ, ದಾರಿಯುದ್ದ ಪೊಲೀಸರು ನಿಂತಿರುತ್ತಾರೆ. ನಿಮ್ಮ ಸಿಮೆಂಟ್ ಚೀಲ ಇಳಿಸಿಕೊಳ್ಳಲು ಒಬ್ಬರೂ ಸಿಗುವುದಿಲ್ಲ.

6. ಸುಗ್ಗಿಯ ಗುಳೆ ಶುರುವಾದ ಮೇಲೆ ಪೋಷಕರ ಸಭೆ ಕರೆಯಬೇಡಿ. ಈ ಸೀಮೆಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಹೋಗುತ್ತವೆ, ಮಕ್ಕಳನ್ನೂ ಕರೆದುಕೊಂಡು. ಆಗ ಖಾಲಿ ಬೆಂಚು ನೋಡಿ "ಮಕ್ಕಳಿಲ್ಲದ ಶಾಲೆ" ಎಂದು ವರದಿ ಬರೆಯಬೇಡಿ. ಅಂಥ ವರದಿ ಶಾಲೆ ಮುಚ್ಚುವವರಿಗೆ ಅನುಕೂಲವಾಗುತ್ತದೆ.

7. ಮಂತ್ರಾಲಯ ಪ್ರವಾಸದ ನಡುವೆ ಅರ್ಧ ದಿನದ 'ಸೇವೆ' ಎಂದು ಶಾಲೆಗೆ ನುಗ್ಗಬೇಡಿ.

ಗೋಡೆ, ಮಾಳಿಗೆ, ಬಣ್ಣ

*ಮಾಡಬೇಕಾದ್ದು*

8. ಮೊದಲು ಮಾಳಿಗೆ ಹತ್ತಿ. ಸೋರುವ ಕೋಣೆಗೆ ಬಣ್ಣ ಬಳಿದರೆ ಒಂದೇ ಮಳೆಗಾಲಕ್ಕೆ ಕಿತ್ತು ಬರುತ್ತದೆ. ನೀರು ಹೋಗುವ ಕಿಂಡಿಯಲ್ಲಿ ತುಂಬಿದ ಎಲೆ, ಮಣ್ಣು, ಒಡೆದ ಚೆಂಡು ತೆಗೆಯಿರಿ. ಪ್ಯಾರಪೆಟ್ ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಮೇತ ಕೀಳಿ. ಮೇಲೆ ಮೇಲೆ ಕತ್ತರಿಸಿದರೆ ಆರು ತಿಂಗಳಲ್ಲಿ ಮತ್ತೆ ಚಿಗುರಿ ಗೋಡೆಯನ್ನೇ ಸೀಳುತ್ತದೆ. ಇದಕ್ಕೆ ದುಡ್ಡು ಬೇಡ, ಕೈ ಸಾಕು.

9. ಬಿರುಕನ್ನು ಓದಿ. ಅಲ್ಲಿ ಹೆಚ್ಚಿನ ಕಡೆ ಎರೆ ಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲಿನ ಅಡಿಪಾಯ ಅಲುಗಿ ಗೋಡೆ ಬಿರುಕು ಬಿಡುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಸಲ ಬಂದಾಗ ಗೆರೆ ದಾಟಿದ್ದರೆ ಅದು ಎಂಜಿನಿಯರ್ ನೋಡಬೇಕಾದ ಬಿರುಕು.

10. ಊರಿನ ಮೇಸ್ತ್ರಿಯನ್ನೇ ಕೂಲಿ ಕೊಟ್ಟು ಕರೆಯಿರಿ. ಗಾರೆ, ಪ್ಲಾಸ್ಟರ್, ವೈರಿಂಗ್ ಕೆಲಸ ಅವರದು. ಮರಳು ಜರಡಿ ಹಿಡಿಯುವುದು, ನೀರು ಹೊರುವುದು, ಗೋಡೆ ಕೆರೆಯುವುದು ನಿಮ್ಮದು. ಅಮೆರಿಕದ ಲೇಖಕಿ ಪಿಪ್ಪಾ ಬಿಡಲ್ 2014ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಟಾಂಜಾನಿಯಾದ ಪ್ರಸಂಗ ಬರುತ್ತದೆ. ಅವರೂ ಸಹಪಾಠಿಗಳೂ ಹಗಲೆಲ್ಲ ಇಟ್ಟಿಗೆ ಕಟ್ಟುತ್ತಿದ್ದರು. ಅದು ನೆಟ್ಟಗಿಲ್ಲವೆಂದು ಊರಿನ ಗಂಡಸರು ರಾತ್ರಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಆದವಾನಿಯ ಮೇಸ್ತ್ರಿಗೆ ಆ ಇಮ್ಮಡಿ ಕೆಲಸ ಕೊಡಬೇಡಿ.

11. ಕೆಲಸವನ್ನು ಎರಡು ಕಂತು ಮಾಡಿ. ಹೊಸ ಪ್ಲಾಸ್ಟರಿಗೆ ಕನಿಷ್ಠ 7 ದಿನ ನೀರು ಹಾಕಬೇಕು, ಆಮೇಲೆ ಸುಮಾರು ಒಂದು ತಿಂಗಳು ಒಣಗಬೇಕು. ಎನ್ನೆಸ್ಸೆಸ್ ವಿಶೇಷ ಶಿಬಿರ 7 ದಿನದ್ದು. ಒಂದೇ ಶಿಬಿರದಲ್ಲಿ ಪ್ಲಾಸ್ಟರೂ ಬಣ್ಣವೂ ಒಂದೇ ಗೋಡೆಗೆ ಆಗುವುದಿಲ್ಲ, ಲೆಕ್ಕ ಸ್ಪಷ್ಟ. ಮೇಸ್ತ್ರಿ ಮುಂಚೆ ಮುಗಿಸಲಿ, ನೀವು ಬಣ್ಣಕ್ಕೆ ಹೋಗಿ.

12. ಡಬ್ಬದ ಮೇಲಿನ ಸೀಸದ ಪ್ರಮಾಣ ಓದಿ ಕೊಳ್ಳಿ. 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ. ಹಳೆಯ ಬಾಗಿಲು, ಕಿಟಕಿಗಳ ಆಯಿಲ್ ಪೇಂಟ್ ಅದಕ್ಕೂ ಹಿಂದಿನದಾಗಿರಬಹುದು. ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿ, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

13. ಕಪ್ಪುಹಲಗೆಗೆ ಬಣ್ಣ ಹಚ್ಚಿದ ಮೇಲೆ ಪೂರ್ತಿ ಒಣಗಲು ಬಿಡಿ. ಬಳಿಕ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಹಲಗೆಯಿಡೀ ಉಜ್ಜಿ ಒರೆಸಿ. ಹಾಗೆ ಮಾಡದೆ ಬಿಟ್ಟರೆ ಮೊದಲು ಬರೆದ ಅಕ್ಷರಗಳ ನೆರಳು ಹಲಗೆಯ ಮೇಲೆ ಉಳಿದುಬಿಡುತ್ತದೆ.

*ಮಾಡಬಾರದ್ದು*

14. ಕಂಬಿ ತುಕ್ಕು ಹಿಡಿದು ಹೊರಗೆ ಕಾಣುವ ಛಾವಣಿಯನ್ನು ಪುಟ್ಟಿ ಮೆತ್ತಿ ಮುಚ್ಚಬೇಡಿ. ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬಾರದೆಂದು ಹೆಡ್‌ಮಾಸ್ಟರಿಗೂ ಎಂಇಓಗೂ ಬರೆದು ಕೊಡಿ. ಅಪಾಯವನ್ನು ಚೆಂದ ಮಾಡಿ ಬಿಟ್ಟುಬರುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿಲ್ಲ.

15. ಸಿಮೆಂಟ್ ಶೀಟು ಕೊರೆಯಬೇಡಿ, ಕತ್ತರಿಸಬೇಡಿ. ಹಳೆಯ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಪುಪ್ಪುಸಕ್ಕೆ ಹೋದರೆ ಹೊರಬರುವುದಿಲ್ಲ.

16. ಹಳೆಯ ಸಾಮಾನಿನ ಕೋಣೆಗೆ ಬರಿಗೈ, ಬರಿಗಾಲಲ್ಲಿ ಇಳಿಯಬೇಡಿ. ಕಲ್ಲು, ಮುರಿದ ಬೆಂಚುಗಳ ಸಂದಿಯಲ್ಲಿ ಚೇಳು ಇರುತ್ತದೆ. ಕೋಲಿನಿಂದ ಸರಿಸಿ, ಆಮೇಲೆ ಕೈ ಹಾಕಿ.

ಮಕ್ಕಳು, ಊರು, ಭಾಷೆ

*ಮಾಡಬೇಕಾದ್ದು*

17. ಗೋಡೆ ಬರಹವನ್ನು ಮೇಷ್ಟ್ರು ಕೇಳಿದ ಹಾಗೆ ಬರೆಯಿರಿ, ಮಕ್ಕಳ ಕಣ್ಣಳತೆಯಲ್ಲಿ. ವರ್ಣಮಾಲೆ, ಮಗ್ಗಿ, ಕರ್ನೂಲು ಜಿಲ್ಲೆಯ ನಕ್ಷೆ ಸಾಕು. ಒತ್ತಕ್ಷರ ತಪ್ಪಿಲ್ಲವೆಂದು ಇಬ್ಬರು ಓದಿ ನೋಡಿದ ಮೇಲೆ ಬ್ರಷ್ ಎತ್ತಿ.

18. ಒಂದೇ ಆವರಣದಲ್ಲಿ ಕನ್ನಡ ಮಾಧ್ಯಮವೂ ತೆಲುಗು ಮಾಧ್ಯಮವೂ ಇದ್ದರೆ ಎರಡೂ ಕಡೆಯ ಕೋಣೆಗಳಿಗೆ ಬಣ್ಣ ಬಳಿಯಿರಿ. ಅಷ್ಟು ದುಡ್ಡಿಲ್ಲವೆಂದರೆ ಎರಡೂ ಕಡೆಗೆ ಬೇಕಾದ ಒಂದು ಕೆಲಸ ಆರಿಸಿ: ನೀರಿನ ತೊಟ್ಟಿ, ಗೇಟು, ಅಡುಗೆ ಕೋಣೆ.

19. ಅಡುಗೆಯವರನ್ನು ಅಕ್ಕಾ ಎಂದು, ಹಿರಿಯರನ್ನು ತಾತ, ಅವ್ವ ಎಂದು ಕರೆಯಿರಿ. ತೆಲುಗಿನಲ್ಲಿ ಮಾತಾಡಿಸಿದವರಿಗೆ ಬಂದಷ್ಟು ತೆಲುಗಿನಲ್ಲೇ ಉತ್ತರ ಕೊಡಿ.

*ಮಾಡಬಾರದ್ದು*

20. ಹಳದಿ-ಕೆಂಪು ಬಾವುಟ, ಕರ್ನಾಟಕದ ನಕ್ಷೆ, 'ಆದವಾನಿ ನಮ್ಮದು' ಎಂಬ ಘೋಷಣೆ ಯಾವ ಗೋಡೆಯ ಮೇಲೂ ಬೇಡ. ನೀವು ಸಂಜೆ ಬಸ್ಸು ಹತ್ತುತ್ತೀರಿ. ಮೇಲಿನವರಿಗೆ ಉತ್ತರ ಹೇಳಬೇಕಾದವರು ಆ ಕನ್ನಡ ಮೇಷ್ಟ್ರು. ಗಡಿಯ ವಾದಕ್ಕೆ ಬೇರೆ ವೇದಿಕೆಗಳಿವೆ.

21. ಮಕ್ಕಳ ಕೈಲಿ ಇಟ್ಟಿಗೆ, ಬಾಂಡಲಿ, ಬಣ್ಣದ ಡಬ್ಬ ಹೊರಿಸಬೇಡಿ. ಉತ್ಸಾಹದಿಂದ ತಾವೇ ಬಂದರೂ ಬೇಡ.

22. ಮಕ್ಕಳ ಮುಖ ಕಾಣುವ ಫೋಟೊ ಹಾಕಬೇಡಿ. ಕೆಲಸದ ಮೊದಲು, ಕೆಲಸದ ನಂತರ ಎಂದು ಗೋಡೆಯ ಫೋಟೊ ಇರಲಿ. ಯಾವ ಮಗುವಿನ ಜೊತೆಗೂ ಒಬ್ಬರೇ ಕೋಣೆಯಲ್ಲಿ ಇರಬೇಡಿ, ಚಾಕೊಲೇಟು ಹಂಚಬೇಡಿ.

23. ದಾನಿಗಳ ಹೆಸರಿನ ಫಲಕವನ್ನು ಶಾಲೆಯ ಹೆಸರಿಗಿಂತ ದೊಡ್ಡದಾಗಿ ಬರೆಸಬೇಡಿ. ಬರೆಸದೆ ಇದ್ದರೆ ಇನ್ನೂ ಒಳ್ಳೆಯದು.

ಬಿಟ್ಟು ಬರುವಾಗ

24. ಉಳಿದ ಬಣ್ಣ, ಪ್ರೈಮರ್, ಬ್ರಷ್ಷುಗಳನ್ನು ಪಟ್ಟಿ ಮಾಡಿ ಹೆಡ್‌ಮಾಸ್ಟರಿಗೆ ಒಪ್ಪಿಸಿ ಸಹಿ ಪಡೆಯಿರಿ. ಖರ್ಚಿನ ರಸೀದಿಗಳ ಪ್ರತಿಯನ್ನು ಸಮಿತಿಗೆ ಕೊಡಿ. ಮೇಸ್ತ್ರಿಯ ಕೂಲಿ ಬಾಕಿ ಇಟ್ಟು ಹೊರಡಬೇಡಿ.

25. ಮೊದಲ ಜೋರು ಮಳೆ ಬಿದ್ದ ವಾರ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಯಾವ ಕೋಣೆ ಸೋರಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ತಂಡ ಆ ಪಟ್ಟಿ ಹಿಡಿದೇ ಹೊರಡಬೇಕು. ಹೊಸ ಶಾಲೆ ಹುಡುಕಿಕೊಂಡು ಹೋಗುವ ಮುನ್ನ ಹಳೆಯ ಶಾಲೆಯ ಸೋರಿಕೆ ನಿಲ್ಲಿಸಿ.