ಹೆಸರು ನಿನ್ನ ಕೈಯಾಗಿರಲಿ

ಆಳಂದ

ನನ್ನ ಮುದ್ದಿನ ಸೊಸಿ,

ನೀ ಅಫಜಲಪುರದಾಗ ಮಾಡೋ ಖಡಕ್ ರೊಟ್ಟಿ, ಶೇಂಗಾ ಹಿಂಡಿಗೆ ಜೇವರ್ಗಿಯಿಂದ ಹಿಡಿದು ಪುಣೆತನಕ ಗಿರಾಕಿ ಆಗ್ಯಾರ ಅಂತ ನಿಮ್ಮವ್ವ ಹೇಳಿದಳು. ಕೇಳಿ ಭಾಳ ಖುಷಿ ಆಯ್ತು. ಆದ್ರ ಆರ್ಡರ್ ಎಲ್ಲಾ ಒಂದೇ ಇನ್‌ಸ್ಟಾಗ್ರಾಮ್ ಖಾತೆಗೆ ಬರ್ತಾವ ಅಂದಾಗ ಸ್ವಲ್ಪ ಚಿಂತಿನೂ ಆಯ್ತು. ಹೊಲ ಲಾವಣಿಗೆ ಹಿಡಿದವರು ಎಷ್ಟು ಚೊಲೋ ಬೆಳಿ ತಗದ್ರೂ ಪಹಣಿಯಾಗ ಹೆಸರು ಬ್ಯಾರೆಯವರದೇ ಇರ್ತದ. ಆ ಖಾತೆನೂ ಹಂಗೇ.

ಮಂದಿ ಸಣ್ಣ ಸಣ್ಣ ಪೋಸ್ಟ್ ಬರೀತಿದ್ದ 'ಕೂ' ಆ್ಯಪ್ ನೆನಪದ ಏನು? 2020ರಾಗ ಬೆಂಗಳೂರಿನಾಗ ಹುಟ್ಟಿ, ಮೊದಲು ಕನ್ನಡದಾಗೇ ಶುರು ಆಗಿದ್ದು. 2024ರ ಜುಲೈದಾಗ ಬಾಗಿಲು ಹಾಕ್ತು. ಬರೆಯೋರು ಅಲ್ಲಿ ಕೂಡಿಸಿದ ಮಂದಿ ಅಲ್ಲೇ ಚದುರಿ ಹೋದ್ರು.

ಮೊಬೈಲ್ ನಂಬರಿನ ಕತಿ ಬ್ಯಾರೆ. 2011ರ ಜನವರಿ 20ರಿಂದ ದೇಶದಾಗೆಲ್ಲ ಪೋರ್ಟ್ ಮಾಡ್ಲಿಕ್ಕೆ, ಅಂದ್ರ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಿಸ್ಲಿಕ್ಕೆ ಬರ್ತದ, 2015ರ ಜುಲೈದಿಂದ ರಾಜ್ಯ ದಾಟಿದ್ರೂ ನಂಬರ್ ಉಳೀತದ. ದುಡಿಲಿಕ್ಕೆ ಪುಣೆ, ಮುಂಬೈಗೆ ಹೋದ ನಮ್ಮ ಹುಡುಗರಿಗೆ ಅದು ದೊಡ್ಡ ಆಸರ. ಆದ್ರ ರೀಚಾರ್ಜ್ ಬಿಟ್ಟು ತಿಂಗಳುಗಟ್ಟಲೆ ಸುಮ್ಮನಿದ್ರ ಆ ನಂಬರ್ ಮತ್ತೊಬ್ಬರ ಪಾಲಾಗ್ತದ, ಅದಕ್ಕ ಬರೋ ಓಟಿಪಿನೂ ಅವರಿಗೇ ಹೋಗ್ತದ.

ಇನ್‌ಸ್ಟಾಗ್ರಾಮ್‌ನಾಗ ಪೋರ್ಟ್ ಅನ್ನೋದೇ ಇಲ್ಲ. ಫೋಟೋ ಇಳಿಸ್ಕೊಬಹುದು, ಫಾಲೋವರ್ಸ್ ಜೊತಿಗೆ ಬರಂಗಿಲ್ಲ. ಅದಕ್ಕ ನಿಂದೇ ಒಂದು ಡೊಮೈನ್, ಅಂದ್ರ ಇಂಟರ್ನೆಟ್‌ನಾಗ ನಿಂದೇ ಹೆಸರಿನ ವಿಳಾಸ, ತಗೋ. ಡಾಟ್ ಇನ್ ಹೆಸರು ವರ್ಷಕ್ಕ ಕೆಲವು ನೂರು ರೂಪಾಯಿದಾಗ ಸಿಗ್ತಾವ. ವೆಬ್‌ಸೈಟ್, ಇ-ಮೇಲ್ ಎರಡೂ ಆ ಹೆಸರಿನ ಮ್ಯಾಲೇ ಇರ್ಲಿ. ನಾಳೆ ಇ-ಮೇಲ್ ನಡೆಸೋ ಕಂಪನಿ ಕೈಬಿಟ್ರ ಡೊಮೈನಿನ ಸೆಟ್ಟಿಂಗ್ ಬದಲಿಸಿ ಬ್ಯಾರೆ ಕಂಪನಿಗೆ ಹೋಗು, ಗಿರಾಕಿ ಬರೆಯೋ ವಿಳಾಸ ಅದೇ ಇರ್ತದ. ಡೊಮೈನ್ ಮಾರಿದವರೇ ಸರಿಬರ್ಲಿಲ್ಲ ಅಂದ್ರ, ಅವರ ಕಡಿಂದ ಕೋಡ್ ಇಸ್ಕೊಂಡು ಮತ್ತೊಬ್ಬರ ಕಡೆ ವರ್ಗ ಮಾಡಿಸ್ಕೋಬಹುದು.

ಆದ್ರ ಮೂರು ಎಚ್ಚರ ಇರ್ಲಿ. ವೆಬ್‌ಸೈಟ್ ಮಾಡಿಕೊಡೋ ಹುಡುಗನಿಗೆ ಡೊಮೈನ್ ತನ್ನ ಹೆಸರಿನಾಗ ನೋಂದಾಯಿಸ್ಲಿಕ್ಕೆ ಬಿಡಬ್ಯಾಡ. ಡೊಮೈನ್ ಖಾತೆಗೆ ಅದೇ ಡೊಮೈನಿನ ಇ-ಮೇಲ್ ಕೊಡಬ್ಯಾಡ. ಡೊಮೈನ್ ನಿಂತ್ರ ಆ ಇ-ಮೇಲೂ ನಿಲ್ತದ, ಒಳಗ ಹೋಗ್ಲಿಕ್ಕೆ ದಾರಿ ಇರಂಗಿಲ್ಲ. ವರ್ಷಾ ವರ್ಷಾ ರೊಕ್ಕ ತುಂಬೋದು ಮರಿಬ್ಯಾಡ, ಮರೆತ್ರ ಹೆಸರನ್ನ ಬ್ಯಾರೆಯವರು ತಗೋಬಹುದು.

ಇನ್‌ಸ್ಟಾಗ್ರಾಮ್ ಬಿಡು ಅಂತ ಹೇಳ್ಲಿಕತ್ತಿಲ್ಲ, ಮಂದಿ ಅಲ್ಲೇ ಇರ್ತಾರ. ರೊಟ್ಟಿ ಪಾಕೀಟಿನ ಚೀಟಿ ಮ್ಯಾಲೆ ಮಾತ್ರ ನಿನ್ನ ಡೊಮೈನ್ ಅಚ್ಚಾಗ್ಲಿ. ಗಿರಾಕಿಗಳ ಹೆಸರು, ನಂಬರ್ ಕೇಳಿ ವಹಿಯಾಗ ಬರ್ಕೋ. ಎಳ್ಳಮಾಸಿ ಆರ್ಡರ್ ಬರೋದ್ರೊಳಗ ಇಷ್ಟು ಮುಗಿಸು, ರೊಕ್ಕ ಕಡಿಮಿ ಬಿದ್ರ ನನಗ ಹೇಳು.

ನಿನ್ನ ಮಾಮಾ