ಫೀಲ್ಡರ್‌ಗಳೆಲ್ಲ ಒಂದೇ ಬದಿಗೆ ವಾಲಿದಾಗ

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದರೆ ನಮ್ಮ ಮೇಗರವಳ್ಳಿ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಶುರು. ಲೆಗ್ ಸೈಡಿಗೆ ಬೀಸಿ ಹೆಸರು ಮಾಡಿದ ಹುಡುಗ ಮುಂದಿನ ಮ್ಯಾಚಿಗೆ ಬಂದರೆ ಆರು ಜನ ಅತ್ತಲೇ ಕಾಯುತ್ತಿರುತ್ತಾರೆ. ಅವನಿಗಾಗಿ ಈ ಸೂತ್ರಗಳು.

1. ಗಾರ್ಡ್ ತೆಗೆದುಕೊಳ್ಳುವ ಮೊದಲು ಎಣಿಸಿ. ಬೌಲರ್, ಕೀಪರ್ ಬಿಟ್ಟರೆ ಉಳಿದವರು ಒಂಬತ್ತೇ. ಆರು ಅಲ್ಲಿದ್ದರೆ ಇಲ್ಲಿ ಮೂರು.

2. ಬರುವ ಬಾಲ್ ಯಾವುದೆಂದು ಫೀಲ್ಡೇ ಹೇಳುತ್ತದೆ. ಲೆಗ್ ಸೈಡ್ ತುಂಬಿಸಿಕೊಂಡವನು ಮೈಮೇಲೆ, ಕಾಲಬುಡಕ್ಕೆ ಹಾಕುತ್ತಾನೆ. ತುಸು ಸರಿದು ಜಾಗ ಮಾಡಿಕೊಂಡು ಆಫ್ ಸೈಡಿಗೆ ತಳ್ಳಿ. ತೀರಾ ಮುಂಚೆ ಸರಿದಿರೋ, ಬೌಲರ್ ಬೆನ್ನು ಹತ್ತುತ್ತಾನೆ.

3. ತಡವಾಗಿ ಆಡಿ. ಇದು ಕಲಿಯಲು ಕಷ್ಟ, ಕಲಿತರೆ ಅರ್ಧ ಫೀಲ್ಡಿಂಗ್ ವ್ಯರ್ಥ. ನಮ್ಮ ಜಿಲ್ಲೆಯ ಭದ್ರಾವತಿಯವರೇ ಆದ ಜಿ.ಆರ್. ವಿಶ್ವನಾಥ್ ಲೇಟ್ ಕಟ್, ಸ್ಕ್ವೇರ್ ಕಟ್‌ಗೆ ಹೆಸರಾದವರು. ಗಿಡ್ಡ ಆಳು, ಆಟವೆಲ್ಲ ಮಣಿಕಟ್ಟಿನಲ್ಲಿ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಾಗ ಭಾರತ ಗಳಿಸಿದ್ದು 190. ಅದರಲ್ಲಿ ವಿಶ್ವನಾಥ್ ಪಾಲು ಅಜೇಯ 97. ಟೆನಿಸ್ ಬಾಲ್ ಬ್ಯಾಟಿಗೆ ತಾಗಿದ ಕೂಡಲೇ ಚಿಮ್ಮುವುದರಿಂದ ಕೆಳಗೈ ಹಿಡಿತ ಸಡಿಲವಿರಲಿ. ಇಲ್ಲವಾದರೆ ನೇರ ಪಾಯಿಂಟ್‌ನವನ ಕೈಗೆ ಕ್ಯಾಚ್.

4. ಒಂಟಿ ರನ್ನಿಗೆ ಮೂಗು ಮುರಿಯಬೇಡಿ. ಕೂಳೆಯಲ್ಲಿ ಬಾಲ್ ನಿಧಾನವಾಗುತ್ತದೆ, ಬದುವಿಗೆ ಬಡಿದು ನಿಂತೇಬಿಡುತ್ತದೆ. ಖಾಲಿ ಬದಿಯಲ್ಲಿ ಎತ್ತಿಕೊಳ್ಳಲು ಹತ್ತಿರ ಯಾರೂ ಇರುವುದಿಲ್ಲ. ಓಡುವವರಿಗೆ ಎರಡು ಸಿಗುತ್ತದೆ. ಹೀಗೆ ಎರಡು ಓವರ್ ಕಳೆದರೆ ಕ್ಯಾಪ್ಟನ್ ತಾನಾಗಿ ಒಬ್ಬನನ್ನು ಲೆಗ್‌ನಿಂದ ಎಬ್ಬಿಸುತ್ತಾನೆ. ಅಲ್ಲಿಯವರೆಗೆ ನಿಮ್ಮ ಬೀಸು ಜೇಬಿನಲ್ಲಿರಲಿ.

5. ಹಟ ಬಿಡಿ. 1946ರಲ್ಲಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಲೂ ಬೌಡ್ರೋ, ಬಾಸ್ಟನ್‌ನ ಟೆಡ್ ವಿಲಿಯಮ್ಸ್‌ಗೆಂದೇ ಬಹುತೇಕ ಎಲ್ಲರನ್ನೂ ಮೈದಾನದ ಬಲಕ್ಕೆ ನಿಲ್ಲಿಸಿದ. ವಿಲಿಯಮ್ಸ್ ಆ ಗೋಡೆಯ ಮೇಲೇ ಹೊಡೆಯುತ್ತ ಹೋದ. ಕೊನೆಗೆ ಸೆಪ್ಟೆಂಬರ್ 13ರಂದು ಖಾಲಿ ಎಡಕ್ಕೆ ಹೊಡೆದು ಬೇಸ್‌ಗಳನ್ನೆಲ್ಲ ಓಡಿ ಸುತ್ತಿದ. ಪಂದ್ಯ 1-0, ಲೀಗ್ ಪಟ್ಟ ಬಾಸ್ಟನ್ನಿಗೆ. ಈಗ ಅಲ್ಲಿ ಇಂಥ ಜಮಾವಣೆಗೆ 2023ರಿಂದ ನಿಯಮವೇ ಕಡಿವಾಣ ಹಾಕಿದೆ. ಕ್ರಿಕೆಟ್‌ನಲ್ಲಿ ಲೆಗ್ ಸೈಡಿನ ಹಿಂಬದಿ ಇಬ್ಬರಿಗಿಂತ ಹೆಚ್ಚು ನಿಂತರೆ ನೋ ಬಾಲ್. ಗದ್ದೆಯಲ್ಲಿ ಅದನ್ನು ಎಣಿಸುವ ಅಂಪೈರ್ ಸಿಕ್ಕರೆ ನಿಮ್ಮ ಪುಣ್ಯ.

6. ಖಾಲಿ ಬಿಟ್ಟ ಕಡೆ ಅಡಿಕೆ ತೋಟವಿದೆಯೇ ನೋಡಿ. ತೋಟಕ್ಕೆ ಎತ್ತಿ ಹೊಡೆದರೆ ಔಟ್ ಎಂದು ಮಾತಾಗಿದ್ದರೆ ಅದು ಬೇಕೆಂದೇ ಬಿಟ್ಟ ಬಾಗಿಲು. ಟಾಸ್‌ಗೆ ಮೊದಲೇ ಕೇಳಿಕೊಂಡು, ಅತ್ತ ನೆಲಕ್ಕಂಟಿಸಿಯೇ ಆಡಿ.