ಪೆನಿಸಿಲಿನ್ ಅಲರ್ಜಿ: ಪರೀಕ್ಷೆಗಳು ಏನು ತಿಳಿಸುತ್ತವೆ?

ಪ್ರತಿಜೈವಿಕ ಔಷಧಿಗಳು ರೈತ ಕುಟುಂಬಗಳಿಗೆ ಹೊಸವಲ್ಲ. ಮನೆಯವರ ಗಂಟಲು ನೋವಿಗೂ, ಹಸುವಿನ ಕೆಚ್ಚಲು ಬಾವಿಗೂ ಪೆನಿಸಿಲಿನ್ ಗುಂಪಿನ ಔಷಧಿಗಳು ಬಳಕೆಯಲ್ಲಿವೆ. ಕೆಲವರಿಗೆ ಇವು ಒಗ್ಗುವುದಿಲ್ಲ. ತುರಿಕೆ, ದದ್ದು, ತುಟಿಗಳ ಊತ, ಉಬ್ಬಸ ಕಾಣಿಸಿಕೊಂಡು, ಕೆಲವೊಮ್ಮೆ ರಕ್ತದ ಒತ್ತಡ ಕುಸಿದು ಪ್ರಾಣಾಪಾಯವೂ ಉಂಟಾಗುತ್ತದೆ.

ಆದರೆ ತಮಗೆ ಪೆನಿಸಿಲಿನ್ ಆಗುವುದಿಲ್ಲವೆಂದು ಹೇಳುವ 10 ಜನರನ್ನು ಕ್ರಮವಾಗಿ ಪರೀಕ್ಷಿಸಿದರೆ, ಸುಮಾರು 9 ಜನರಿಗೆ ಅಲರ್ಜಿ ಇಲ್ಲವೆಂದು ಕಂಡುಬರುತ್ತದೆ. ವೈರಸ್ ಜ್ವರದಲ್ಲಿ ಏಳುವ ದದ್ದನ್ನೂ, ಔಷಧಿಯಿಂದಾಗುವ ಭೇದಿಯನ್ನೂ ಅಲರ್ಜಿ ಎಂದು ಭಾವಿಸುವುದುಂಟು. ನಿಜವಾದ ಅಲರ್ಜಿಯೂ ಕಾಲಕ್ರಮದಲ್ಲಿ ಕಡಿಮೆಯಾಗುತ್ತದೆ. 10 ವರ್ಷಗಳ ನಂತರ ಬಹುಪಾಲು ಜನರಲ್ಲಿ ಅದು ಉಳಿದಿರುವುದಿಲ್ಲ.

ತಪ್ಪು ನಂಬಿಕೆಯಿಂದ ನಷ್ಟವಿದೆ. ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಗುವಿಗೆ 3 ಅಥವಾ 4 ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕಾಗುತ್ತದೆ. ಅಲರ್ಜಿಯ ಭಯದಿಂದ ಅದನ್ನು ನಿಲ್ಲಿಸಿದರೆ ಮಗು ಉತ್ತಮ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ.

ರಕ್ತ ಪರೀಕ್ಷೆ

ತಕ್ಷಣ ಕಾಣಿಸುವ ಅಲರ್ಜಿಗೆ 'ಐಜಿಇ' ಎಂಬ ಪ್ರತಿಕಾಯ ಕಾರಣ. ಇದನ್ನು 1960ರ ದಶಕದಲ್ಲಿ ಗುರುತಿಸಲಾಯಿತು. ಪ್ರಯೋಗಾಲಯದಲ್ಲಿ ಔಷಧಿಯ ಅಂಶವನ್ನು ಲೇಪಿಸಿದ ಪದಾರ್ಥದೊಡನೆ ರೋಗಿಯ ರಕ್ತದ ಸೀರಂ ಸೇರಿಸುತ್ತಾರೆ. ಆ ಔಷಧಿಗೆ ಹೊಂದುವ ಐಜಿಇ ಇದ್ದರೆ ಅದು ಅಂಟಿಕೊಳ್ಳುತ್ತದೆ. ಅದರ ಪ್ರಮಾಣವನ್ನು ಅಳೆಯಲಾಗುತ್ತದೆ. ರೋಗಿಗೆ ಔಷಧಿ ಕೊಡದ ಕಾರಣ ಈ ಪರೀಕ್ಷೆಯಲ್ಲಿ ಅಪಾಯವಿಲ್ಲ.

ಆದರೆ ಇದಕ್ಕೆ ಮಿತಿಯಿದೆ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಮೊದಲಾದ ಕೆಲವೇ ಔಷಧಿಗಳಿಗೆ ಈ ಪರೀಕ್ಷೆ ಲಭ್ಯವಿದೆ. ಅಲರ್ಜಿ ಇರುವ ಅನೇಕರಲ್ಲಿಯೂ ಫಲಿತಾಂಶ 'ಇಲ್ಲ' ಎಂದು ಬರಬಹುದು. ಆದ್ದರಿಂದ ರಕ್ತ ಪರೀಕ್ಷೆಯೊಂದನ್ನೇ ನಂಬಿ ಔಷಧಿ ತೆಗೆದುಕೊಳ್ಳುವುದು ಸರಿಯಲ್ಲ.

ಚರ್ಮ ಪರೀಕ್ಷೆ ಮತ್ತು ಔಷಧಿ ಕೊಟ್ಟು ನೋಡುವುದು

ತಿಳಿಗೊಳಿಸಿದ ಔಷಧಿಯನ್ನು ಮೊದಲು ಚರ್ಮದ ಮೇಲೆ ಹಾಕಿ ಸೂಜಿಯಿಂದ ಸ್ವಲ್ಪ ಚುಚ್ಚುತ್ತಾರೆ. ಏನೂ ಆಗದಿದ್ದರೆ ಚರ್ಮದೊಳಗೆ ಕೊಡುತ್ತಾರೆ. 15ರಿಂದ 20 ನಿಮಿಷಗಳಲ್ಲಿ ಏಳುವ ಗುಳ್ಳೆಯನ್ನು ಅಳೆಯುತ್ತಾರೆ. ಹೋಲಿಕೆಗಾಗಿ ಹಿಸ್ಟಮಿನ್ ಮತ್ತು ಉಪ್ಪು ನೀರನ್ನೂ ಬಳಸುತ್ತಾರೆ. ತುರಿಕೆಯ ಮಾತ್ರೆ ನುಂಗಿದ್ದರೆ ಗುಳ್ಳೆ ಏಳದೆ ಫಲಿತಾಂಶ ತಪ್ಪಬಹುದು. ವೈದ್ಯರು ಹೇಳಿದಷ್ಟು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಚುಚ್ಚುಮದ್ದಿಗೆ ಮುಂಚೆ ಅವಸರದಲ್ಲಿ ಮಾಡುವ 'ಟೆಸ್ಟ್ ಡೋಸ್' ಈ ಪೂರ್ಣ ಪರೀಕ್ಷೆಗೆ ಸಮನಲ್ಲ.

ಪರೀಕ್ಷೆಗಳಲ್ಲಿ ಅಲರ್ಜಿ ಕಾಣದಿದ್ದರೆ, ಆಸ್ಪತ್ರೆಯಲ್ಲಿಯೇ ಔಷಧಿಯನ್ನು ಕೊಟ್ಟು ಕೆಲವು ಗಂಟೆ ಗಮನಿಸುತ್ತಾರೆ. ಕೊನೆಯ ತೀರ್ಮಾನ ಇದರಿಂದಲೇ ಆಗುತ್ತದೆ. ಇದನ್ನು ಮನೆಯಲ್ಲಿ ಎಂದಿಗೂ ಮಾಡಬಾರದು. ಹಿಂದೆ ಚರ್ಮ ಸುಲಿದು, ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿದ್ದವರಿಗೆ ಆ ಔಷಧಿಯನ್ನು ಹೀಗೆ ಮತ್ತೆ ಕೊಟ್ಟು ನೋಡುವಂತಿಲ್ಲ.

ರೈತರು ಗಮನಿಸಬೇಕಾದ ಅಂಶಗಳು

1. ಔಷಧಿ ತೆಗೆದುಕೊಂಡ ನಂತರ ಉಬ್ಬಸ, ಊತ ಅಥವಾ ತಲೆಸುತ್ತು ಬಂದರೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಬಳಿಕ 4 ಗಂಟೆಗಳೊಳಗೆ ರಕ್ತ ತೆಗೆದು 'ಟ್ರಿಪ್ಟೇಸ್' ಅಳೆದರೆ ರೋಗ ನಿರ್ಣಯಕ್ಕೆ ನೆರವಾಗುತ್ತದೆ.

2. ಔಷಧಿಯ ಹೆಸರು, ದಿನಾಂಕ, ಎಷ್ಟು ಹೊತ್ತಿನಲ್ಲಿ ಏನಾಯಿತು ಎಂಬುದನ್ನು ಬರೆದಿಡಬೇಕು. ಚೀಟಿ ಮತ್ತು ಖಾಲಿ ಪಟ್ಟಿಯನ್ನು ಎಸೆಯಬಾರದು.

3. ಪೆನಿಸಿಲಿನ್ ಒಗ್ಗದವರು ಹಸುವಿನ ಕೆಚ್ಚಲಿಗೆ ಆ ಔಷಧಿಯ ಟ್ಯೂಬ್ ಏರಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದು ಲೇಸು.

4. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು. ಹಾಲಿನಲ್ಲಿ ಉಳಿದ ಪೆನಿಸಿಲಿನ್ ಅಪರೂಪಕ್ಕೆ ಅಲರ್ಜಿ ಇರುವವರನ್ನು ಬಾಧಿಸಬಹುದು. ಕಾಯಿಸಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ.

ಪರೀಕ್ಷೆಯಾಗುವವರೆಗೆ ಸಂಶಯವಿರುವ ಔಷಧಿಯನ್ನು ತೆಗೆದುಕೊಳ್ಳದಿರುವುದು ಕ್ಷೇಮ. ಆದರೆ ಬಾಲ್ಯದ ಒಂದು ದದ್ದಿನ ನೆನಪಿನಿಂದಲೇ ಜೀವನವಿಡೀ ಒಳ್ಳೆಯ ಔಷಧಿಯಿಂದ ವಂಚಿತರಾಗದೆ, ದೊಡ್ಡ ಆಸ್ಪತ್ರೆಯ ತಜ್ಞರಲ್ಲಿ ವಿಚಾರಿಸಿ ಸಂಶಯ ಪರಿಹರಿಸಿಕೊಳ್ಳಬೇಕು.